ಚಿತ್ರಕಥೆಯೇ ಚಿತ್ರಕಥೆಯಾದಾಗ

ಕನ್ನಡದಲ್ಲಿ 'ಚಿತ್ರಕಥೆ' ಎಂಬ ಮಾತಿಗೆ ಎರಡು ಅರ್ಥಗಳು ರೂಢಿಯಲ್ಲಿವೆ. ಸಿನಿಮಾ ಆರಂಭವಾಗುವಾಗ ಪರದೆಯ ಮೇಲೆ 'ಕಥೆ, ಚಿತ್ರಕಥೆ, ಸಂಭಾಷಣೆ' ಎಂದು ಮೂಡುತ್ತದಲ್ಲ, ಅದು ಒಂದು. ಕಥೆಯನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ಬರೆದಿಟ್ಟುಕೊಂಡ ಆ ಬರಹ ಪ್ರೇಕ್ಷಕರ ಕಣ್ಣಿಗೆ ಎಂದೂ ಬೀಳುವುದಿಲ್ಲ. ಇನ್ನೊಂದು ಅರ್ಥ ಮಕ್ಕಳ ಕೈಯಲ್ಲಿ ಓಡಾಡುವ ಬಣ್ಣದ ಪುಸ್ತಕದ್ದು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ 'ಅಮರ ಚಿತ್ರಕಥೆ' ಈ ಅರ್ಥವನ್ನು ಮನೆಮನೆಗೂ ಮುಟ್ಟಿಸಿತು. ಒಂದು ಚಿತ್ರಕಥೆ ಸಿನಿಮಾದ ಹಿಂದೆ ಅಡಗಿ ಕೂರುವಂಥದ್ದು, ಇನ್ನೊಂದು ತಾನೇ ಮುಂದೆ ನಿಂತು ಕಥೆ ಹೇಳುವಂಥದ್ದು.

ಈ ಎರಡೂ ಒಂದೇ ಆಗಿಬಿಟ್ಟ ಅಪರೂಪದ ಪ್ರಸಂಗವೊಂದು ಅಮೆರಿಕದ ಸಿನಿಮಾದಲ್ಲಿದೆ. 2005ರ ಏಪ್ರಿಲ್ 1ರಂದು ಬಿಡುಗಡೆಯಾದ 'ಸಿನ್ ಸಿಟಿ' ಎಂಬ ಅಪರಾಧ ಚಿತ್ರ ಅದು. ಅದನ್ನು ತೆಗೆದ ರಾಬರ್ಟ್ ರಾಡ್ರಿಗಸ್ ಚಿತ್ರಕಥೆಗೆ ತನ್ನ ಹೆಸರು ಹಾಕಿಕೊಳ್ಳಲಿಲ್ಲ. ಫ್ರಾಂಕ್ ಮಿಲ್ಲರ್ ಬರೆದು, ತಾನೇ ಚಿತ್ರಗಳನ್ನೂ ಬಿಡಿಸಿದ್ದ ಪುಸ್ತಕಗಳನ್ನು ಎದುರಿಗೆ ಇಟ್ಟುಕೊಂಡು, ಅದರಲ್ಲಿನ ಚೌಕಗಳನ್ನು ಹೆಚ್ಚುಕಡಿಮೆ ಹಾಗೆಹಾಗೆಯೇ ಕ್ಯಾಮೆರಾದ ಚೌಕಟ್ಟಿಗೆ ಇಳಿಸಿದ. ಪಾತ್ರ ನಿಲ್ಲುವ ಭಂಗಿ, ನೆರಳು ಬೀಳುವ ಕೋನ, ಆಡುವ ಮಾತು ಎಲ್ಲವೂ ಪುಸ್ತಕದ್ದೇ. ಚಿತ್ರದ ಪೂರ್ಣ ಶೀರ್ಷಿಕೆಯೂ 'ಫ್ರಾಂಕ್ ಮಿಲ್ಲರ್ಸ್ ಸಿನ್ ಸಿಟಿ' ಎಂದೇ ಇತ್ತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಈ ಚಿತ್ರದ ಎರಡು ತಟ್ಟೆಗಳ ಡಿವಿಡಿ ಪೆಟ್ಟಿಗೆ ಅಮೆರಿಕದ ಅಂಗಡಿಗಳಿಗೆ ಬಂತು. ಪೆಟ್ಟಿಗೆಯೊಳಗೆ ಮೂಲ ಪುಸ್ತಕಗಳಲ್ಲಿ ಮೊದಲನೆಯದಾದ 'ದಿ ಹಾರ್ಡ್ ಗುಡ್‌ಬೈ'ಯನ್ನು ಚಿಕ್ಕ ಅಳತೆಯಲ್ಲಿ ಅಚ್ಚು ಮಾಡಿ ಇಟ್ಟಿದ್ದರು. ಒಂದು ಸಿನಿಮಾ ತನ್ನ ಮೂಲವನ್ನು ತಾನೇ ಹೊತ್ತು ತಂದು, 'ಬೇಕಾದರೆ ಹೋಲಿಸಿ ನೋಡಿ' ಎಂದು ಸವಾಲು ಹಾಕುವುದು ಸಾಮಾನ್ಯ ಸಂಗತಿಯಲ್ಲ. ಕಾದಂಬರಿ ಆಧರಿಸಿದ ಚಿತ್ರಗಳ ನಿರ್ಮಾಪಕರು ಸಾಧಾರಣವಾಗಿ ಇಂಥ ಹೋಲಿಕೆಯಿಂದ ತಪ್ಪಿಸಿಕೊಳ್ಳಲು ನೋಡುತ್ತಾರೆ.

ಎರಡಕ್ಷರ ಅಳಿಸಿದ ಊರು

ಕಥೆ ನಡೆಯುವ ಊರಿನ ನಿಜವಾದ ಹೆಸರು ಬೇಸಿನ್ ಸಿಟಿ. ಆ ಹೆಸರಿನ ಇಂಗ್ಲಿಷ್ ಕಾಗುಣಿತದಿಂದ ಮೊದಲ ಎರಡು ಅಕ್ಷರಗಳನ್ನು ಕಿತ್ತು ಹಾಕಿದರೆ ಉಳಿಯುವುದು ಸಿನ್ ಸಿಟಿ, ಅಂದರೆ ಪಾಪದ ಊರು. ರೋರ್ಕ್ ಎಂಬ ಒಂದೇ ಮನೆತನ ಊರನ್ನು ಆಳುತ್ತದೆ. ಅಣ್ಣತಮ್ಮಂದಿರಲ್ಲಿ ಒಬ್ಬ ಸೆನೆಟರ್, ಇನ್ನೊಬ್ಬ ಚರ್ಚಿನ ಕಾರ್ಡಿನಲ್. ಪೊಲೀಸರು ಅವರ ಕೈಗೊಂಬೆಗಳು. 'ಓಲ್ಡ್ ಟೌನ್' ಎಂಬ ಬೀದಿಗಳಲ್ಲಿ ಮಾತ್ರ ವೇಶ್ಯೆಯರು ತಮ್ಮದೇ ಕಾನೂನು, ತಮ್ಮದೇ ಬಂದೂಕು ಇಟ್ಟುಕೊಂಡು ಪೊಲೀಸರೊಂದಿಗೆ ಒಪ್ಪಂದ ಮಾಡಿಕೊಂಡಿದ್ದಾರೆ.

ಚಿತ್ರದಲ್ಲಿರುವುದು ಮೂರು ದೊಡ್ಡ ಕಥೆ, ಒಂದು ಚಿಕ್ಕ ಕಥೆ. ಮಾರ್ವ್ ಎಂಬ ದೈತ್ಯದೇಹಿ ಒಂದು ರಾತ್ರಿ ತನಗೆ ಪ್ರೀತಿ ತೋರಿದ ಗೋಲ್ಡಿ ಎಂಬ ಹೆಣ್ಣಿನ ಹೆಣದ ಪಕ್ಕದಲ್ಲಿ ಕಣ್ಣು ಬಿಡುತ್ತಾನೆ. ಕೊಲೆಯ ಆರೋಪ ಅವನ ಮೇಲೆಯೇ ಬರುತ್ತದೆ. ಕೊಂದವರು ಯಾರು ಎಂದು ಹುಡುಕುತ್ತ ಹೋಗುವ ಅವನ ದಾರಿ ಕಾರ್ಡಿನಲ್‌ನ ಮಲಗುವ ಕೋಣೆಯವರೆಗೂ ಹೋಗಿ, ಕೊನೆಗೆ ವಿದ್ಯುತ್ ಕುರ್ಚಿಯಲ್ಲಿ ಮುಗಿಯುತ್ತದೆ. ಎರಡನೆಯದು ಹಾರ್ಟಿಗನ್ ಎಂಬ ಹೃದ್ರೋಗಿ ಪೊಲೀಸ್ ಅಧಿಕಾರಿಯದು. ನಿವೃತ್ತಿಯ ದಿನ ಹನ್ನೊಂದು ವರ್ಷದ ಹುಡುಗಿಯನ್ನು ಸೆನೆಟರ್ ಮಗನ ಕೈಯಿಂದ ಉಳಿಸಿ, ಆ ಒಳ್ಳೆಯ ಕೆಲಸಕ್ಕೆ ಪ್ರತಿಯಾಗಿ ತಾನೇ ಎಂಟು ವರ್ಷ ಸೆರೆಮನೆ ಕಾಣುತ್ತಾನೆ. ಮೂರನೆಯದರಲ್ಲಿ ಓಲ್ಡ್ ಟೌನಿನ ಹೆಂಗಸರು ತಿಳಿಯದೆ ಒಬ್ಬ ಪೊಲೀಸನನ್ನೇ ಕೊಂದುಬಿಡುತ್ತಾರೆ. ಒಪ್ಪಂದ ಮುರಿಯದಂತೆ ಹೆಣವನ್ನು ಮುಚ್ಚಿಹಾಕುವ ಹೊಣೆ ಡ್ವೈಟ್ ಎಂಬವನ ತಲೆಗೆ ಬರುತ್ತದೆ.

ಹೇಳಿದರೆ ಇಷ್ಟೇ. ಬಸ್ ನಿಲ್ದಾಣದ ಅಂಗಡಿಯಲ್ಲಿ ಸಿಗುತ್ತಿದ್ದ ಅಗ್ಗದ ಪತ್ತೇದಾರಿ ಕಾದಂಬರಿಗಳ ಸರಕು ಇದು. ಮಿಲ್ಲರ್ ಅದನ್ನು ಮುಚ್ಚಿಟ್ಟವನೂ ಅಲ್ಲ. ಮಿಕಿ ಸ್ಪಿಲೇನ್, ರೇಮಂಡ್ ಚಾಂಡ್ಲರ್ ಮುಂತಾದವರನ್ನು ಓದಿ ಬೆಳೆದವನು ಅವನು. ಈ ಸರಕಿಗೆ ಬೇರೆಯೇ ಒಂದು ತೂಕ ಬಂದದ್ದು ಅವನು ಅದನ್ನು ಬಿಡಿಸಿದ ರೀತಿಯಿಂದ.

1957ರಲ್ಲಿ ಹುಟ್ಟಿದ ಮಿಲ್ಲರ್ ಮಾರ್ವೆಲ್ ಕಂಪನಿಯ 'ಡೇರ್‌ಡೆವಿಲ್' ಮಾಲಿಕೆಯನ್ನು ಚಿತ್ರಿಸಿ, ಆಮೇಲೆ ಬರೆದೂ ಹೆಸರು ಮಾಡಿದ. 1986ರ 'ದಿ ಡಾರ್ಕ್ ನೈಟ್ ರಿಟರ್ನ್ಸ್'ನಲ್ಲಿ ಬ್ಯಾಟ್‌ಮನ್‌ನನ್ನು ಐವತ್ತು ದಾಟಿದ, ಸಿಡುಕಿನ ಮುದುಕನನ್ನಾಗಿ ಮಾಡಿ ಇಡೀ ಕಾಮಿಕ್ಸ್ ಲೋಕವನ್ನು ತಿರುಗಿ ನೋಡುವಂತೆ ಮಾಡಿದ. ಹಾಲಿವುಡ್ ಕರೆಯಿತು. 'ರೋಬೋಕಾಪ್' ಚಿತ್ರದ ಎರಡನೆಯ ಮತ್ತು ಮೂರನೆಯ ಭಾಗಗಳಿಗೆ ಬರೆದುಕೊಟ್ಟ. ಬರೆದದ್ದು ತೆರೆಗೆ ಬರುವಷ್ಟರಲ್ಲಿ ಗುರುತು ಸಿಗದಂತೆ ಬದಲಾಗಿತ್ತು. ಈ ಅನುಭವದ ಕಹಿ ಅವನಲ್ಲಿ ಬಹಳ ಕಾಲ ಉಳಿಯಿತು. ಸಿನಿಮಾ ಮಾಡಲು ಆಗಲೇಬಾರದಂಥ ಒಂದು ಕೃತಿ ಬರೆಯಬೇಕೆಂಬ ಹಠವೂ 'ಸಿನ್ ಸಿಟಿ'ಯ ಹುಟ್ಟಿನ ಹಿಂದೆ ಇತ್ತು. 1991ರಲ್ಲಿ ಡಾರ್ಕ್ ಹಾರ್ಸ್ ಎಂಬ ಪ್ರಕಾಶನದ ಮಾಸಿಕದಲ್ಲಿ ಅದು ಧಾರಾವಾಹಿಯಾಗಿ ಆರಂಭವಾಯಿತು. ಆಗ ಮಾರ್ವ್‌ನ ಕಥೆಗೆ ಬೇರೆ ಹೆಸರೂ ಇರಲಿಲ್ಲ. 'ದಿ ಹಾರ್ಡ್ ಗುಡ್‌ಬೈ' ಎಂಬುದು ಆಮೇಲೆ ಬಂದದ್ದು.

ಪ್ರಕಾಶಕರನ್ನು ಬದಲಿಸಿದ್ದರಲ್ಲಿಯೂ ಒಂದು ಅರ್ಥವಿದೆ. ಅಮೆರಿಕದ ಕಾಮಿಕ್ಸ್ ಉದ್ಯಮದಲ್ಲಿ ಬರೆದವನಿಗೂ ಬಿಡಿಸಿದವನಿಗೂ ಬಹುಕಾಲ ಹಕ್ಕೆಂಬುದೇ ಇರಲಿಲ್ಲ. ಪುಟಕ್ಕೆ ಇಷ್ಟು ಎಂದು ಕೂಲಿ, ಅಷ್ಟಕ್ಕೆ ಮುಗಿಯಿತು. ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರು 1938ರಲ್ಲಿ ಅವನನ್ನು ಮಾರಿದ್ದು 130 ಡಾಲರಿಗೆ. ಅವನಿಂದ ಇತರರು ಕೋಟಿಗಟ್ಟಲೆ ಗಳಿಸುತ್ತಿದ್ದಾಗ ಇವರು ಹೊಟ್ಟೆಪಾಡಿಗೆ ಒದ್ದಾಡಿದರು. ಸೂಪರ್‌ಮ್ಯಾನ್ ಸಿನಿಮಾದ ತಯಾರಿ ನಡೆದಿದ್ದಾಗ, 1975ರಲ್ಲಿ, ಪತ್ರಿಕೆಗಳಲ್ಲಿ ಗದ್ದಲವೆದ್ದ ಮೇಲೆ ಕಂಪನಿ ಅವರಿಗೆ ವರ್ಷಾಶನ ಗೊತ್ತುಮಾಡಿತು. 1986ರಲ್ಲಿ ಆರಂಭವಾದ ಡಾರ್ಕ್ ಹಾರ್ಸ್ ಲೇಖಕನ ಹಕ್ಕನ್ನು ಲೇಖಕನಲ್ಲಿಯೇ ಬಿಡುವ ಪದ್ಧತಿಗೆ ಹೆಸರಾದ ಸಂಸ್ಥೆ. ಹೀಗಾಗಿ ಮಾರ್ವ್, ಹಾರ್ಟಿಗನ್, ಡ್ವೈಟ್ ಮೂವರೂ ಮಿಲ್ಲರ್‌ನ ಸ್ವಂತ ಆಸ್ತಿ. ಸಿನಿಮಾದವರು ಬಂದಾಗ 'ಆಗುವುದಿಲ್ಲ' ಎನ್ನುವ ಅಧಿಕಾರ ಅವನಿಗಿತ್ತು. ಅದನ್ನು ಅವನು ವರ್ಷಗಟ್ಟಲೆ ಚಲಾಯಿಸಿದ.

ಕಪ್ಪಿನ ಹಳೆಯ ಮನೆತನ

ಈ ಪುಸ್ತಕಗಳನ್ನು ಮೊದಲ ಸಲ ತೆರೆದವರಿಗೆ ಅಚ್ಚಿನಲ್ಲಿ ಏನೋ ತಪ್ಪಾಗಿದೆ ಎನಿಸಬಹುದು. ಬೂದು ಬಣ್ಣವೇ ಇಲ್ಲ. ಒಂದೋ ಗಾಢ ಕಪ್ಪು, ಇಲ್ಲವೇ ಖಾಲಿ ಬಿಳಿ. ಸಾಮಾನ್ಯ ಚಿತ್ರಕಾರ ಮೊದಲು ವಸ್ತುವಿನ ಅಂಚನ್ನು ಗೆರೆಯಲ್ಲಿ ಬರೆದು ಆಮೇಲೆ ನೆರಳು ತುಂಬುತ್ತಾನೆ. ಮಿಲ್ಲರ್ ಅನೇಕ ಕಡೆ ಅಂಚನ್ನೇ ಬರೆಯುವುದಿಲ್ಲ. ಬೆಳಕು ಎಲ್ಲಿ ಬಿದ್ದಿದೆಯೋ ಅಷ್ಟನ್ನು ಮಾತ್ರ ಬಿಳಿಯಾಗಿ ಬಿಟ್ಟು ಉಳಿದದ್ದನ್ನೆಲ್ಲ ಮಸಿಯಲ್ಲಿ ಮುಳುಗಿಸುತ್ತಾನೆ. ಕತ್ತಲೆಯಲ್ಲಿ ನಿಂತ ಮಾರ್ವ್‌ನ ಗುರುತು ಅವನ ಮುಖದ ಮೇಲೆ ಅಂಟಿಸಿಕೊಂಡ ನಾಲ್ಕಾರು ಪಟ್ಟಿಗಳಿಂದಲೇ ಸಿಗುತ್ತದೆ. ಉಳಿದ ಮುಖವನ್ನು ಓದುಗನ ಕಣ್ಣು ತುಂಬಿಕೊಳ್ಳಬೇಕು. ಮಳೆ ಎಂದರೆ ಕಪ್ಪಿನ ಮೇಲೆ ಚಾಕುವಿನಿಂದ ಗೀರಿದಂಥ ಬಿಳಿ ಗೆರೆಗಳು. ಬಣ್ಣ ಬಂದದ್ದು ಆಮೇಲೆ, ಅದೂ ಉಪ್ಪಿನಕಾಯಿಯಂತೆ ಸ್ವಲ್ಪವೇ: ಒಂದು ಕಥೆಯಲ್ಲಿ ಹೆಣ್ಣಿನ ಉಡುಪಿನ ಕೆಂಪು, ಇನ್ನೊಂದರಲ್ಲಿ ಸೆನೆಟರ್ ಮಗನ ರೋಗಿಷ್ಠ ಹಳದಿ.

ಈ ಕಪ್ಪಿಗೆ ದೊಡ್ಡ ವಂಶಾವಳಿ ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿಗೆ ಅಮೆರಿಕದ ಚಿತ್ರಗಳು ಬರುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ 'ದಿ ಮಾಲ್ಟೀಸ್ ಫಾಲ್ಕನ್', 'ಡಬಲ್ ಇಂಡೆಮ್ನಿಟಿ' ಮುಂತಾದವು ಒಟ್ಟಿಗೆ ಬಂದಿಳಿದಾಗ ಅವೆಲ್ಲದರ ಮೇಲೆ ಒಂದೇ ಬಗೆಯ ಕತ್ತಲೆ ಕವಿದಿರುವುದು ಅಲ್ಲಿನ ವಿಮರ್ಶಕರ ಗಮನಕ್ಕೆ ಬಂತು. 1946ರಲ್ಲಿ ನೀನೋ ಫ್ರಾಂಕ್ ಎಂಬ ವಿಮರ್ಶಕ ಇವನ್ನು 'ಫಿಲ್ಮ್ ನ್ವಾರ್' ಎಂದು ಕರೆದ. ಕಪ್ಪು ಚಿತ್ರ ಎಂದರ್ಥ. ಆ ಕತ್ತಲೆ ಹಾಲಿವುಡ್ಡಿಗೆ ಬಂದದ್ದಾದರೂ ಬಹುಮಟ್ಟಿಗೆ ಜರ್ಮನಿಯಿಂದ. 1920ರ 'ಡಾಕ್ಟರ್ ಕ್ಯಾಲಿಗರಿ' ಚಿತ್ರದಲ್ಲಿ ನೆರಳನ್ನು ಗೋಡೆಯ ಮೇಲೆಯೇ ಬಣ್ಣದಿಂದ ಬಳಿದಿದ್ದರು. ಹಿಟ್ಲರನ ಕಾಟ ತಾಳಲಾರದೆ ಅಮೆರಿಕಕ್ಕೆ ಬಂದ ಫ್ರಿಟ್ಸ್ ಲ್ಯಾಂಗ್, ಬಿಲ್ಲಿ ವೈಲ್ಡರ್, ರಾಬರ್ಟ್ ಸಿಯೋಡ್‌ಮ್ಯಾಕ್ ಮೊದಲಾದವರು ಆ ವಿದ್ಯೆಯನ್ನು ಜೊತೆಗೆ ತಂದರು. ಇದಕ್ಕೊಂದು ಲೌಕಿಕ ಕಾರಣವೂ ಇತ್ತೆನ್ನಿ. ಕಡಿಮೆ ಬಂಡವಾಳದ ಚಿತ್ರಗಳಲ್ಲಿ ಸೆಟ್ಟಿನ ಬಡತನ ಮುಚ್ಚಲು ನೆರಳಿನಷ್ಟು ಅಗ್ಗದ ಪರದೆ ಬೇರೊಂದಿಲ್ಲ.

ನ್ವಾರ್ ಚಿತ್ರಗಳ ಕಾಲದಲ್ಲಿ ಹಾಲಿವುಡ್ ತಾನೇ ವಿಧಿಸಿಕೊಂಡಿದ್ದ ನೀತಿಸಂಹಿತೆಯೊಂದಿತ್ತು. ಅದರ ಪ್ರಕಾರ ತಪ್ಪು ಮಾಡಿದವನು ತೆರೆಯ ಮೇಲೆ ಶಿಕ್ಷೆ ಅನುಭವಿಸಲೇಬೇಕು. ಮಿಲ್ಲರ್ ಬರೆಯುವ ಹೊತ್ತಿಗೆ ಆ ಸಂಹಿತೆ ಸತ್ತು ಇಪ್ಪತ್ತು ವರ್ಷಗಳ ಮೇಲಾಗಿತ್ತು. ಆದರೂ ಅವನ ನಾಯಕರಲ್ಲಿ ಇಬ್ಬರು ಸಾಯುತ್ತಾರೆ. ಮಾರ್ವ್‌ಗೆ ಕಾನೂನೇ ಮರಣದಂಡನೆ ಕೊಡುತ್ತದೆ. ಹಾರ್ಟಿಗನ್ ಹುಡುಗಿಯ ಹಿಂದೆ ಬೀಳುವವರಿಗೆ ದಾರಿ ಸಿಗದಿರಲೆಂದು ತನ್ನ ಪ್ರಾಣ ತಾನೇ ತೆಗೆದುಕೊಳ್ಳುತ್ತಾನೆ. ಹಳೆಯ ಚಿತ್ರಗಳಲ್ಲಿ ಸಾವು ನೀತಿಯ ಗೆಲುವಾಗಿತ್ತು. ಇಲ್ಲಿ ಊರೇ ಕೆಟ್ಟಿರುವುದರಿಂದ ಸಾವೊಂದೇ ಮರ್ಯಾದೆಯ ದಾರಿಯಾಗಿ ಉಳಿದಿದೆ. ರೂಪ ಹಳೆಯದು, ಒಳಗಿನ ನಂಬಿಕೆ ಮಾತ್ರ ತಲೆಕೆಳಗು.

ಒಂದು ರಾಜೀನಾಮೆ

ರಾಡ್ರಿಗಸ್ ಟೆಕ್ಸಸ್‌ನವನು. 1992ರಲ್ಲಿ ಸುಮಾರು ಏಳು ಸಾವಿರ ಡಾಲರ್ ಖರ್ಚಿನಲ್ಲಿ 'ಎಲ್ ಮರಿಯಾಚಿ' ಎಂಬ ಚಿತ್ರ ತೆಗೆದು ಪ್ರಸಿದ್ಧನಾದ. ಆ ಹಣದಲ್ಲಿ ಒಂದು ಪಾಲು, ಔಷಧಿ ಕಂಪನಿಯ ಪ್ರಯೋಗಕ್ಕೆ ತನ್ನ ಮೈಯನ್ನೇ ಒಡ್ಡಿ ಸಂಪಾದಿಸಿದ್ದು. ಛಾಯಾಗ್ರಹಣ, ಸಂಕಲನ, ಸಂಗೀತ ಎಲ್ಲವನ್ನೂ ತಾನೇ ಮಾಡುವ ಚಟ ಅವನಿಗೆ. ಇಲ್ಲಿ ಮುಖ್ಯವಾದ ಇನ್ನೊಂದು ವಿಷಯವೆಂದರೆ ಕಾಲೇಜಿನ ದಿನಗಳಲ್ಲಿ ಅವನು ವಿಶ್ವವಿದ್ಯಾಲಯದ ಪತ್ರಿಕೆಗೆ ದಿನವೂ ಕಾಮಿಕ್ ಪಟ್ಟಿ ಬರೆಯುತ್ತಿದ್ದ. ಪುಟದ ಭಾಷೆ ಅವನಿಗೆ ಗೊತ್ತಿತ್ತು.

ಮಿಲ್ಲರ್ ಒಪ್ಪಲಿಲ್ಲ. ಆಗ ರಾಡ್ರಿಗಸ್ ಒಪ್ಪಂದದ ಮಾತೆತ್ತದೆ 2004ರ ಆರಂಭದಲ್ಲಿ ಅವನನ್ನು ಆಸ್ಟಿನ್ ನಗರದ ತನ್ನ ಸ್ಟುಡಿಯೋಗೆ ಕರೆಸಿಕೊಂಡು, ಜೋಶ್ ಹಾರ್ಟ್‌ನೆಟ್ ಮತ್ತು ಮಾರ್ಲಿ ಶೆಲ್ಟನ್ ಎಂಬ ನಟರನ್ನಿಟ್ಟುಕೊಂಡು 'ದಿ ಕಸ್ಟಮರ್ ಈಸ್ ಆಲ್ವೇಸ್ ರೈಟ್' ಎಂಬ ಕೆಲವೇ ಪುಟಗಳ ಕಥೆಯನ್ನು ಚಿತ್ರಿಸಿ ತೋರಿಸಿದ. ಇಷ್ಟವಾದರೆ ಮುಂದುವರಿಯೋಣ, ಇಲ್ಲವಾದರೆ ಇದನ್ನು ನೆನಪಿಗೆ ಇಟ್ಟುಕೊ ಎಂಬುದು ಧೋರಣೆ. ಮಹಡಿಯ ಮೇಲೆ ಕೆಂಪು ಉಡುಪಿನ ಹೆಣ್ಣು, ಹಿಂದೆ ಊರಿನ ದೀಪಗಳು, ಲೈಟರ್ ಹೊತ್ತಿದಾಗ ಒಂದು ಕ್ಷಣ ಹಸಿರಾಗುವ ಕಣ್ಣು. ಅದೇ ತುಣುಕು ಈಗ ಚಿತ್ರದ ಆರಂಭದ ದೃಶ್ಯ. ಮಿಲ್ಲರ್ ಒಪ್ಪಿದ.

ಒಪ್ಪಿದವನಿಗೆ ರಾಡ್ರಿಗಸ್ ಇನ್ನೊಂದು ಗೌರವ ಕೊಡಲು ಹೊರಟ. ಪ್ರತಿ ಚೌಕಟ್ಟನ್ನೂ ಮಿಲ್ಲರ್ ಮೊದಲೇ ಬಿಡಿಸಿಟ್ಟಿದ್ದಾನೆ, ಸೆಟ್ಟಿನಲ್ಲಿ ನಟರ ಜೊತೆಯೂ ಇರುತ್ತಾನೆ, ಹೀಗಿರುವಾಗ ಅವನೂ ನಿರ್ದೇಶಕನೇ ಎಂಬುದು ಅವನ ವಾದ. ಅಮೆರಿಕದ ನಿರ್ದೇಶಕರ ಸಂಘವಾದ ಡೈರೆಕ್ಟರ್ಸ್ ಗಿಲ್ಡ್ ಇದಕ್ಕೆ ಒಪ್ಪಲಿಲ್ಲ. ಒಂದು ಚಿತ್ರಕ್ಕೆ ಒಬ್ಬನೇ ನಿರ್ದೇಶಕ ಎಂಬುದು ಅದರ ನಿಯಮ. ಮೊದಲಿನಿಂದ ಜೋಡಿಯಾಗಿ ದುಡಿಯುವವರಿಗೆ ಮಾತ್ರ ವಿನಾಯಿತಿ. ಸಂಘದ ಪರವಾಗಿಯೂ ಒಂದು ಮಾತು ಹೇಳಬೇಕು. ಪ್ರಭಾವಿ ನಿರ್ಮಾಪಕರೋ ತಾರೆಯರೋ ಒತ್ತಡ ಹಾಕಿ ನಿರ್ದೇಶಕನ ಪಕ್ಕದಲ್ಲಿ ತಮ್ಮ ಹೆಸರು ಸೇರಿಸಿಕೊಳ್ಳದಿರಲಿ ಎಂಬ ಎಚ್ಚರದಿಂದ ಹುಟ್ಟಿದ ನಿಯಮ ಅದು. ದುರ್ಬಲರನ್ನು ಕಾಯಲು ಮಾಡಿದ್ದು ಇಲ್ಲಿ ಒಬ್ಬ ಲೇಖಕನ ದಾರಿಗೆ ಅಡ್ಡ ಬಂತು. ರಾಡ್ರಿಗಸ್ ಚೌಕಾಸಿ ಮಾಡದೆ ಸಂಘಕ್ಕೆ ರಾಜೀನಾಮೆ ಕೊಟ್ಟ. ಇದರಿಂದ ಅವನಿಗೆ ಕೈತಪ್ಪಿದ್ದು ಸಣ್ಣದಲ್ಲ. ಪ್ಯಾರಾಮೌಂಟ್ ಸಂಸ್ಥೆಗಾಗಿ ಅವನು ಮಾಡಬೇಕಿದ್ದ 'ಎ ಪ್ರಿನ್ಸೆಸ್ ಆಫ್ ಮಾರ್ಸ್' ಎಂಬ ಭಾರಿ ಚಿತ್ರ, ಸಂಘದ ಸದಸ್ಯರಲ್ಲದವರಿಗೆ ಕೊಡುವಂತಿಲ್ಲ ಎಂಬ ಕಾರಣದಿಂದ ಬೇರೆಯವರ ಪಾಲಾಯಿತು.

130 ಡಾಲರಿಗೆ ಸೂಪರ್‌ಮ್ಯಾನ್ ಮಾರಿದವರ ಕಾಲದಿಂದ ಇಲ್ಲಿಯವರೆಗೆ ಕಾಮಿಕ್ಸ್ ಬರೆಯುವವನ ಸ್ಥಾನಮಾನ ಎಷ್ಟು ಬದಲಾಯಿತು ಎಂಬುದಕ್ಕೆ ಈ ರಾಜೀನಾಮೆಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಮಿಲ್ಲರ್ ಚಿತ್ರದಲ್ಲಿ ಒಂದು ಚಿಕ್ಕ ಪಾತ್ರವನ್ನೂ ಮಾಡಿದ್ದಾನೆ. ಮಾರ್ವ್ ಗುಂಡಿಟ್ಟು ಕೊಲ್ಲುವ ಪಾದ್ರಿ ಅವನೇ. ತನ್ನ ಸೃಷ್ಟಿಯ ಕೈಯಲ್ಲೇ ಸತ್ತ ಸೃಷ್ಟಿಕರ್ತ!

ಹಸಿರಿನೊಳಗಿಂದ ಕಪ್ಪು

ಚಿತ್ರೀಕರಣದ ವಿಧಾನ ಈಗ ಹೊಸದಲ್ಲ. ಟಿವಿಯಲ್ಲಿ ಹವಾಮಾನ ವರದಿ ಓದುವವರ ಹಿಂದೆ ಭೂಪಟ ತೋರಿಸುವುದೂ ಇದೇ ತಂತ್ರದಿಂದ. ನಟ ಹಸಿರು ಬಟ್ಟೆಯ ಮುಂದೆ ನಿಲ್ಲುತ್ತಾನೆ. ಮನುಷ್ಯನ ಚರ್ಮದಲ್ಲಿ ಹಸಿರು ಇಲ್ಲದ್ದರಿಂದ ಕಂಪ್ಯೂಟರು ಹಸಿರಷ್ಟನ್ನೇ ಕತ್ತರಿಸಿ ಅಲ್ಲಿ ಬೇಕಾದ ಹಿನ್ನೆಲೆ ಕೂರಿಸುತ್ತದೆ. 'ಸಿನ್ ಸಿಟಿ'ಗೆ ನಿಜವಾಗಿ ಕಟ್ಟಿದ ಸೆಟ್ಟುಗಳು ಮೂರೇ: ಎಲ್ಲ ಕಥೆಗಳ ಪಾತ್ರಗಳೂ ಬಂದು ಹೋಗುವ ಕೇಡಿಯ ಮದ್ಯದಂಗಡಿ, ಶೆಲ್ಲಿ ಎಂಬವಳ ಮನೆ, ಕೊನೆಯಲ್ಲಿ ಬರುವ ಆಸ್ಪತ್ರೆಯ ಓಣಿ. ಉಳಿದ ಊರೆಲ್ಲ ಕಂಪ್ಯೂಟರಿನಲ್ಲಿ ಕಟ್ಟಿದ್ದು. ಮೂರು ಕಥೆಗಳ ಈ ಕೆಲಸವನ್ನು ಮೂರು ಬೇರೆ ಬೇರೆ ಸಂಸ್ಥೆಗಳು ಹಂಚಿಕೊಂಡವು.

ಡಿಜಿಟಲ್ ಕ್ಯಾಮೆರಾದಲ್ಲಿ ಪೂರ್ಣ ಬಣ್ಣದಲ್ಲೇ ತೆಗೆದು, ಆಮೇಲೆ ಬಣ್ಣ ಹಿಂಡಿ, ಕಪ್ಪು ಬಿಳಿಪುಗಳ ಅಂತರವನ್ನು ಎಳೆದು ಹಿಗ್ಗಿಸಿದರು. ಬೇಕಾದ ಕಡೆ ಮಾತ್ರ ಬಣ್ಣವನ್ನು ಉಳಿಸಿಕೊಂಡರು: ಗೋಲ್ಡಿಯ ಕೂದಲು, ಡ್ವೈಟ್‌ನ ಕೆಂಪು ಬೂಟು, ಮಾರ್ವ್‌ನ ಔಷಧಿ ಸೀಸೆಯ ಕಿತ್ತಳೆ. ಹಳದಿ ಖಳನ ಪಾತ್ರ ಮಾಡಿದ ನಿಕ್ ಸ್ಟಾಲ್‌ಗೆ ಸೆಟ್ಟಿನಲ್ಲಿ ಬಳಿದದ್ದು ನೀಲಿ ಬಣ್ಣ. ಹಳದಿ ಹಸಿರಿಗೆ ಬಲು ಹತ್ತಿರದ ನೆಂಟ. ಪರದೆಯ ಜೊತೆ ಮುಖವೂ ಕತ್ತರಿಸಿಹೋಗುವ ಅಪಾಯವಿತ್ತು. ಆದ್ದರಿಂದ ನೀಲಿ ಬಳಿದು ಆಮೇಲೆ ಅದನ್ನು ಹಳದಿಗೆ ತಿರುಗಿಸಿದರು. ರಕ್ತ ಬಹಳ ಕಡೆ ಬಿಳಿ. ಪುಸ್ತಕದಲ್ಲಿ ಕಪ್ಪು ಮೈಯ ಮೇಲೆ ರಕ್ತ ಕಾಣಬೇಕಾದರೆ ಅದು ಬಿಳಿಯಾಗಿರಲೇಬೇಕಿತ್ತು. ಚಿತ್ರ ಅದನ್ನೇ ಅನುಸರಿಸಿತು.

ಇನ್ನೊಂದು ವಿಚಿತ್ರ. ಮಾರ್ವ್ ಪಾತ್ರದ ಮಿಕಿ ರೂರ್ಕ್ ಮತ್ತು ಕೆವಿನ್ ಎಂಬ ನರಭಕ್ಷಕನ ಪಾತ್ರದ ಎಲೈಜಾ ವುಡ್ ತೆರೆಯ ಮೇಲೆ ಘೋರವಾಗಿ ಹೊಡೆದಾಡುತ್ತಾರೆ. ಚಿತ್ರೀಕರಣದ ಕಾಲದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಭೇಟಿಯಾಗಿರಲೇ ಇಲ್ಲ. ಒಬ್ಬ ಬಂದು ತನ್ನ ಏಟುಗಳನ್ನು ಗಾಳಿಗೆ ಹೊಡೆದು ಹೋದ, ಇನ್ನೊಬ್ಬ ಬೇರೊಂದು ದಿನ ಬಂದು ಆ ಏಟುಗಳನ್ನು ತಿಂದ. ಇಷ್ಟಾದರೂ ಚಿತ್ರದ ಜೀವ ರೂರ್ಕ್‌ನ ಅಭಿನಯದಲ್ಲಿಯೇ ಇದೆ. ತೊಂಬತ್ತರ ದಶಕದಲ್ಲಿ ನಟನೆ ಬಿಟ್ಟು ಬಾಕ್ಸಿಂಗಿಗೆ ಹೋಗಿ ಮುಖ ಜಜ್ಜಿಸಿಕೊಂಡು ಬಂದಿದ್ದ ಮನುಷ್ಯ ಅವನು. ಆ ಮುಖದ ಮೇಲೆ ಇನ್ನೊಂದು ಕೃತಕ ಮುಖ ಅಂಟಿಸಿದರೂ ಕಣ್ಣು ಮತ್ತು ಗಂಟಲಿನಿಂದಲೇ ಮಾರ್ವ್‌ನನ್ನು ನಮ್ಮವನನ್ನಾಗಿ ಮಾಡುತ್ತಾನೆ.

ಸುಮಾರು 4 ಕೋಟಿ ಡಾಲರ್ ವೆಚ್ಚದ ಚಿತ್ರ ಜಗತ್ತಿನಾದ್ಯಂತ 15 ಕೋಟಿಗೂ ಮೇಲೆ ಗಳಿಸಿತು. 2005ರ ಕಾನ್ ಉತ್ಸವದಲ್ಲಿ ರಾಡ್ರಿಗಸ್‌ಗೆ ತಾಂತ್ರಿಕ ಪ್ರಶಸ್ತಿ ಬಂತು.

ಮನೆಯ ಪರದೆಯಲ್ಲಿ

ಪುಟಕ್ಕೂ ಪರದೆಗೂ ಇರುವ ದೊಡ್ಡ ವ್ಯತ್ಯಾಸ ಬಣ್ಣದ್ದೂ ಅಲ್ಲ, ಚಲನೆಯದೂ ಅಲ್ಲ, ಸಮಯದ್ದು. ಪುಸ್ತಕದಲ್ಲಿ ಮಾರ್ವ್ ಮಳೆಯಲ್ಲಿ ನಡೆಯುತ್ತ ಯೋಚಿಸುವ ಪ್ರಸಂಗ ಹಲವು ಪುಟಗಳ ಉದ್ದಕ್ಕೆ ಹರಡಿದೆ. ಒಂದು ಪುಟದ ಮುಂದೆ ನೀವು ಎರಡು ಸೆಕೆಂಡ್ ನಿಲ್ಲಬಹುದು, ಎರಡು ನಿಮಿಷವೂ ನಿಲ್ಲಬಹುದು. ಮಳೆ ಎಷ್ಟು ಹೊತ್ತು ಸುರಿಯಬೇಕೆಂದು ಗೊತ್ತುಮಾಡುವವರು ಓದುಗರೇ. ಚಿತ್ರಮಂದಿರದಲ್ಲಿ ಆ ಅಧಿಕಾರ ಯಂತ್ರಕ್ಕೆ ಹೋಗುತ್ತದೆ. ಎಲ್ಲರಿಗೂ ಒಂದೇ ಮಳೆ. ಮಾತಿನ ವಿಷಯವೂ ಹೀಗೆಯೇ. ಪುಟದ ಮೇಲೆ ಚಿತ್ರ ಮತ್ತು ಪಾತ್ರದ ಸ್ವಗತ ಅಕ್ಕಪಕ್ಕ ಕೂತು, ಕಣ್ಣು ಒಂದರಿಂದ ಇನ್ನೊಂದಕ್ಕೆ ಹೋಗಿಬರುತ್ತದೆ. ಸಿನಿಮಾದಲ್ಲಿ ಸ್ವಗತ ಕಿವಿಗೆ ಬೀಳುತ್ತಲೇ ಚಿತ್ರ ಓಡುತ್ತಿರುತ್ತದೆ. ಪಾತ್ರ ಏನು ಮಾಡುತ್ತಿದ್ದಾನೆಂದು ಕಾಣುತ್ತಿರುವಾಗಲೇ ಅದನ್ನು ಹೇಳುವ ದನಿ ಕೇಳುತ್ತದೆ. ಪುಸ್ತಕಕ್ಕೆ ಇಷ್ಟು ನಿಷ್ಠನಾಗಿದ್ದು ರಾಡ್ರಿಗಸ್ ಪೆಟ್ಟು ತಿಂದದ್ದು ಇಲ್ಲಿಯೇ. ಎರಡು ಗಂಟೆ ಮೂವರು ಗಂಡಸರ ಗೊಗ್ಗರು ದನಿಯ ಸ್ವಗತ ಕೇಳಿದ ಮೇಲೆ ಕಿವಿ ಸ್ವಲ್ಪ ಬಿಡುವು ಬೇಡುತ್ತದೆ.

ಮನೆಯಲ್ಲಿ ನೋಡುವವರ ಕೈಗೆ ಈ ಸಮಯದ ಕೀಲಿ ಮರಳಿ ಬರುತ್ತದೆ. ರಿಮೋಟಿನ ಒಂದು ಗುಂಡಿ ಒತ್ತಿದರೆ ಚಿತ್ರ ನಿಲ್ಲುತ್ತದೆ. ಬೇರೆ ಸಿನಿಮಾಗಳನ್ನು ಹೀಗೆ ನಿಲ್ಲಿಸಿದರೆ ಸಿಗುವುದು ಅರೆಬಾಯಿ ತೆರೆದ ನಟನ ಅಪಭ್ರಂಶ. ಇದರಲ್ಲಿ ಬಹಳ ಕಡೆ ಸಿಗುವುದು ಮಿಲ್ಲರ್‌ನ ಚೌಕ. ಒಂದು ಕೈಯಲ್ಲಿ ಪೆಟ್ಟಿಗೆಯೊಳಗಿನ ಪುಸ್ತಕ, ಇನ್ನೊಂದರಲ್ಲಿ ರಿಮೋಟ್ ಹಿಡಿದು ಕೂತರೆ ಎಲ್ಲಿ ಅಕ್ಷರಶಃ ಅನುಸರಣೆ, ಎಲ್ಲಿ ಸಡಿಲ ಎಂದು ಯಾರು ಬೇಕಾದರೂ ಹುಡುಕಬಹುದು.

ಡಿವಿಡಿ ಮಾಡಿದ ಇನ್ನೊಂದು ಕೆಲಸ ಇದಕ್ಕಿಂತ ದೊಡ್ಡದು. ಚಿತ್ರಮಂದಿರದ ಆವೃತ್ತಿಯಲ್ಲಿ ಕಥೆಗಳನ್ನು ಹೆಣೆದಿದ್ದರು; ಹಾರ್ಟಿಗನ್ ಕಥೆಯ ಮೊದಲರ್ಧ ಆರಂಭದಲ್ಲಿ ಬಂದು ಉಳಿದರ್ಧ ಕೊನೆಗೆ ಬರುತ್ತಿತ್ತು. ಡಿಸೆಂಬರ್‌ನ ಪೆಟ್ಟಿಗೆಯಲ್ಲಿ ಎರಡನೆಯ ತಟ್ಟೆ ಈ ಹೆಣಿಗೆಯನ್ನು ಬಿಚ್ಚಿ, ನಾಲ್ಕು ಕಥೆಗಳನ್ನು ನಾಲ್ಕು ಬೇರೆ ಚಿತ್ರಗಳಂತೆ, ಪ್ರತಿಯೊಂದಕ್ಕೂ ಅದರದೇ ಶೀರ್ಷಿಕೆ ಕೊಟ್ಟು, ಬಿಟ್ಟುಹೋಗಿದ್ದ ದೃಶ್ಯಗಳನ್ನೂ ಸೇರಿಸಿ ಮುಂದಿಟ್ಟಿತು. ಯಾವುದನ್ನು ಮೊದಲು ನೋಡಬೇಕು ಎಂಬುದು ನೋಡುವವರ ಇಷ್ಟ. ಅಂದರೆ ಸಿನಿಮಾ ಪುನಃ ಪುಸ್ತಕಗಳ ಸಾಲಾಯಿತು. ಮಾರ್ವ್ ತನ್ನ ಮುದಿ ತಾಯಿಯ ಮನೆಗೆ ಬಂದೂಕು ತರಲು ಹೋಗುವ ಪ್ರಸಂಗ ಹೀಗೆ ಮರಳಿ ಬಂದದ್ದು. ಊರೆಲ್ಲ ಹೆದರುವ ರಾಕ್ಷಸ ಅಲ್ಲಿ ಮೆಲ್ಲಗೆ ಮಾತಾಡುವ ಮಗ. ಅದನ್ನು ನೋಡಿದ ಮೇಲೆ ಅವನ ಕಥೆ ಮೊದಲಿನ ಹಾಗೆ ಇರುವುದಿಲ್ಲ. ಬಿಡಿಯಾಗಿ ನೋಡಿದಾಗ ಹಾರ್ಟಿಗನ್ ಕಥೆಯೂ ಗಟ್ಟಿಯಾಗುತ್ತದೆ. ಡ್ವೈಟ್ ಕಥೆ ಮಾತ್ರ ಒಂಟಿಯಾಗಿ ನಿಲ್ಲಲು ತಡಕಾಡುತ್ತದೆ; ಹೆಣಿಗೆಯಲ್ಲಿ ಅದಕ್ಕೆ ಸಿಗುತ್ತಿದ್ದ ಆಸರೆ ಇಲ್ಲಿ ಇಲ್ಲ. ಮೊದಲ ಸಲ ನೋಡುವವರಿಗೆ ಚಿತ್ರಮಂದಿರದ ಆವೃತ್ತಿ, ಪುಸ್ತಕ ಓದಿದವರಿಗೆ ಬಿಡಿ ಕಥೆಗಳು ಎಂಬುದು ನನ್ನ ಅಭಿಪ್ರಾಯ.

ಇದರಲ್ಲಿ ವ್ಯಾಪಾರವೂ ಸೇರಿತ್ತು. ಆಗಸ್ಟ್ 16ರಂದು ಒಂಟಿ ತಟ್ಟೆಯ ಸಾದಾ ಡಿವಿಡಿ ಬಿಟ್ಟು, ಅಭಿಮಾನಿಗಳೆಲ್ಲ ಕೊಂಡಾದ ಮೇಲೆ, ನಾಲ್ಕೇ ತಿಂಗಳಿಗೆ ಎರಡು ತಟ್ಟೆಯ ಪೆಟ್ಟಿಗೆ ತಂದರು. ಒಂದೇ ಚಿತ್ರವನ್ನು ಒಂದೇ ಗಿರಾಕಿಗೆ ಎರಡು ಸಲ ಮಾರುವ ಈ ಜಾಣತನ ಆ ವರ್ಷಗಳಲ್ಲಿ ಹಾಲಿವುಡ್ಡಿನ ಮಾಮೂಲು. ಇನ್ನು ಜಗತ್ತನ್ನು ವಲಯಗಳಾಗಿ ಹಂಚಿಕೊಂಡಿದ್ದ ಡಿವಿಡಿ ವ್ಯವಸ್ಥೆಯಲ್ಲಿ ಅಮೆರಿಕ ಒಂದನೆಯ ವಲಯ, ಭಾರತ ಐದನೆಯದು. ಅಲ್ಲಿರುವ ನೆಂಟರು ಈ ಪೆಟ್ಟಿಗೆಯನ್ನು ಪ್ರೀತಿಯಿಂದ ತಂದುಕೊಟ್ಟರೂ ಇಲ್ಲಿನ ವಲಯಕ್ಕಷ್ಟೇ ಕಟ್ಟುಬಿದ್ದ ಪ್ಲೇಯರಿನಲ್ಲಿ ಅದು ಓಡುವಂತಿರಲಿಲ್ಲ.

ಮನೆಯಲ್ಲಿ ನೋಡುವವರಿಗೆ ಒಂದು ಸೂಚನೆ. ಅನೇಕ ಟಿವಿಗಳನ್ನು ಅಂಗಡಿಯ ಝಗಮಗ ಬೆಳಕಿನಲ್ಲಿ ಎದ್ದು ಕಾಣುವಂತೆ ಹೊಳಪು ಹೆಚ್ಚಿಸಿ ಕಳುಹಿಸಿರುತ್ತಾರೆ. ಹಾಗೆಯೇ ಬಿಟ್ಟರೆ ಮಿಲ್ಲರ್‌ನ ಕಪ್ಪು ತೊಳೆದ ಬೂದಿಯಂತಾಗುತ್ತದೆ, ಪುಟದಲ್ಲಿ ಇಲ್ಲವೇ ಇಲ್ಲದ ಬಣ್ಣವದು. ಹೊಳಪು ಇಳಿಸಿ, ಕೋಣೆಯ ದೀಪ ಆರಿಸಿ ನೋಡಬೇಕು. ಮಕ್ಕಳನ್ನು ಮಲಗಿಸಿಯೇ ನೋಡಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ಏಕೆಂದರೆ ಹಿಂಸೆ ಇಲ್ಲಿ ಅತಿರೇಕದ್ದು. ಕೈ ಕಾಲು ತಲೆಗಳು ಸಲೀಸಾಗಿ ಬೇರೆಯಾಗುತ್ತವೆ. ರಕ್ತ ಬಿಳಿಯಾದ್ದರಿಂದ ನೋಡಲು ಸಾಧ್ಯವಾಗುತ್ತದೆ ಎಂಬುದು ನಿಜ. ಆದರೆ ಅದೇ ಅದರ ತೊಡಕು ಕೂಡ. ಸುಂದರವಾಗಿ ಕಾಣುವ ಹಿಂಸೆ ನೋಯಿಸುವುದಿಲ್ಲ. ಹೆಂಗಸರ ಚಿತ್ರಣದ ಬಗೆಗೆ ಬಂದ ಆಕ್ಷೇಪಕ್ಕೂ ಸುಲಭದ ಉತ್ತರವಿಲ್ಲ. ಓಲ್ಡ್ ಟೌನಿನವರ ಕೈಯಲ್ಲಿ ಬಂದೂಕು, ಕತ್ತಿ ಇವೆ ನಿಜ. ಆದರೂ ಈ ಊರಿನಲ್ಲಿ ಹೆಣ್ಣು ಒಂದೋ ಸಾಯಬೇಕು, ಇಲ್ಲವೇ ಗಂಡಸಿನ ಕಣ್ಣಿಗೆ ಹಬ್ಬವಾಗಬೇಕು. ಆಡಳಿತ, ಚರ್ಚು, ಸ್ವಗತ ಮೂರೂ ಗಂಡಸರ ಪಾಲು. ಹಳೆಯ ನ್ವಾರ್ ಚಿತ್ರಗಳ ಹೆಂಗಸರಲ್ಲಿ ಕಪಟವಿತ್ತು, ಜೊತೆಗೆ ಗಂಡಸರನ್ನು ಮೀರಿಸುವ ಬುದ್ಧಿಯೂ ಇತ್ತು. 'ಡಬಲ್ ಇಂಡೆಮ್ನಿಟಿ'ಯ ಬಾರ್ಬರಾ ಸ್ಟ್ಯಾನ್ವಿಕ್ ಮುಂದೆ ಇಲ್ಲಿನ ಯಾವ ಹೆಣ್ಣೂ ನಿಲ್ಲಲಾರಳು.

ಆಮೇಲಿನ ಕಥೆ ಏಳುಬೀಳಿನದು. ಮಿಲ್ಲರ್‌ನ '300' ಎಂಬ ಪುಸ್ತಕವನ್ನು ಝ್ಯಾಕ್ ಸ್ನೈಡರ್ ಇದೇ ಹಾದಿಯಲ್ಲಿ ಚಿತ್ರ ಮಾಡಿದಾಗ 2007ರಲ್ಲಿ ಜನ ಮುಗಿಬಿದ್ದರು. ಮಾರನೆಯ ವರ್ಷ ಮಿಲ್ಲರ್ ಒಬ್ಬನೇ ನಿರ್ದೇಶಕನಾಗಿ, ತನ್ನ ಗುರುಸಮಾನನಾದ ವಿಲ್ ಐಸ್ನರ್‌ನ 'ದಿ ಸ್ಪಿರಿಟ್' ಕಾಮಿಕ್ಸನ್ನು ತೆರೆಗೆ ತಂದ; ಚಿತ್ರ ನೆಲಕಚ್ಚಿತು. 2014ರಲ್ಲಿ ಇಬ್ಬರೂ ಸೇರಿ 'ಸಿನ್ ಸಿಟಿ'ಯ ಎರಡನೆಯ ಭಾಗ ತೆಗೆದರು, ಸುಮಾರು ಆರೂವರೆ ಕೋಟಿ ಡಾಲರ್ ಹಾಕಿದ್ದಕ್ಕೆ ನಾಲ್ಕು ಕೋಟಿಯೂ ಬರಲಿಲ್ಲ. ಒಂಬತ್ತು ವರ್ಷಗಳಲ್ಲಿ ಹಸಿರು ಪರದೆ ಎಲ್ಲರ ಮನೆಯ ದೋಸೆಯಾಗಿತ್ತು.

ಡಿಸೆಂಬರ್ ಪೆಟ್ಟಿಗೆಯಲ್ಲಿರುವ ಹೆಚ್ಚುವರಿ ಸರಕಿನಲ್ಲಿ ರಾಡ್ರಿಗಸ್ ಅಡುಗೆ ಹೇಳಿಕೊಡುವ ಹತ್ತು ನಿಮಿಷದ ಪಾಠವೂ ಇದೆ. ಅದರ ಪಕ್ಕದಲ್ಲೇ ಇಡೀ ಚಿತ್ರವನ್ನು, ಕಂಪ್ಯೂಟರು ಕೈ ಹಾಕುವ ಮೊದಲು ಕ್ಯಾಮೆರಾ ಕಂಡ ಹಾಗೆ, ವೇಗವಾಗಿ ಓಡಿಸಿ ತೋರಿಸುವ ತುಣುಕೊಂದಿದೆ. ಅದರಲ್ಲಿ ಊರಿಲ್ಲ, ರಾತ್ರಿಯಿಲ್ಲ, ಕಪ್ಪೇ ಇಲ್ಲ. ಗದ್ದೆಯಷ್ಟು ಹಸಿರಿನ ನಡುವೆ ಕೆಲವು ಮನುಷ್ಯರು ಗಂಭೀರವಾಗಿ ಗಾಳಿಯೊಂದಿಗೆ ಗುದ್ದಾಡುತ್ತಿರುತ್ತಾರೆ.